ಎಂಪಿ3 ಎನ್‌ಕೋಡರ್: ಸಮಯ ತಿನ್ನುತ್ತಿದ್ದ ಲೂಪ್

ಎರಡು ವಾರದಿಂದ ರಾತ್ರಿ ಊಟ ಆದಮೇಲೆ ನನಗೆ ಒಂದೇ ಕೆಲಸ. ಎಂಪಿ3 ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋದಕ್ಕೆ ಸಿ ಭಾಷೆಯಲ್ಲಿ ಒಂದು ಎನ್‌ಕೋಡರ್, ಅಂದರೆ ಹಾಡನ್ನು ಎಂಪಿ3 ಫೈಲ್ ಮಾಡುವ ಪ್ರೋಗ್ರಾಂ, ಬರೆದಿದ್ದೆ. ಸದ್ದು ಸರಿಯಾಗಿಯೇ ಬರುತ್ತಿತ್ತು, ಆದರೆ ವಿಪರೀತ ನಿಧಾನ.

ಸದ್ದನ್ನು ಆವರ್ತನಗಳಾಗಿ ಬಿಡಿಸುವ ಎಂಡಿಸಿಟಿ ಲೆಕ್ಕವೇ ಭಾರ ಇರಬೇಕು ಅಂದುಕೊಂಡು ಎರಡು ರಾತ್ರಿ ಅದನ್ನೇ ತಿದ್ದಿದೆ. ಏನೂ ಬದಲಾಗಲಿಲ್ಲ. ಆಮೇಲೆ ಯಾವ ಭಾಗಕ್ಕೆ ಎಷ್ಟು ಸಮಯ ಹಿಡಿಯುತ್ತೆ ಅಂತ ತೋರಿಸುವ ಪ್ರೊಫೈಲರ್ ಓಡಿಸಿ ನೋಡಿದರೆ ಸಮಯವೆಲ್ಲ ಹೋಗುತ್ತಿದ್ದದ್ದು ಕ್ವಾಂಟೈಸ್ ಮಾಡುವ (ಸಂಖ್ಯೆಗಳನ್ನು ಒರಟಾಗಿ ದುಂಡಾಗಿಸುವ) ಲೂಪ್‌ನಲ್ಲಿ.

ಅಲ್ಲಿ ನಡೆಯುವುದು ಇಷ್ಟು. ಒಂದು ಗ್ರಾನ್ಯೂಲ್‌ನಲ್ಲಿ, ಅಂದರೆ ಹಾಡಿನ ಒಂದು ಚಿಕ್ಕ ತುಂಡಿನಲ್ಲಿ, ಪ್ರತಿ ಚಾನೆಲ್‌ಗೆ 576 ಸಂಖ್ಯೆಗಳಿರುತ್ತವೆ. ಒಂದೊಂದನ್ನೂ ಸ್ಟೆಪ್ ಸೈಜ್‌ನಿಂದ ಭಾಗಿಸಿ, 0.75 ಪವರ್‌ಗೆ ಏರಿಸಿ, ಪೂರ್ಣಾಂಕ ಮಾಡಿ, ಆಮೇಲೆ ಹಫ್‌ಮನ್ ಟೇಬಲ್ (ಹೆಚ್ಚಾಗಿ ಬರುವ ಸಂಖ್ಯೆಗೆ ಚಿಕ್ಕ ಕೋಡ್ ಕೊಡುವ ಪಟ್ಟಿ) ಹಿಡಿದು ಎಷ್ಟು ಬಿಟ್ ಬೇಕು ಅಂತ ಎಣಿಸಬೇಕು. ಬಿಟ್ ಜಾಸ್ತಿ ಆಯ್ತಾ, ಸ್ಟೆಪ್ ಒಂದು ಮೆಟ್ಟಿಲು ದೊಡ್ಡದು ಮಾಡಿ ಮತ್ತೆ ಮೊದಲಿಂದ ಶುರು. 44,100 ಹರ್ಟ್ಸ್‌ನ 4 ನಿಮಿಷದ ಸ್ಟೀರಿಯೋ ಹಾಡಿಗೆ ಇದು ಒಂದು ಸುತ್ತಿಗೇ 2 ಕೋಟಿಗೂ ಜಾಸ್ತಿ ಪವರ್ ಲೆಕ್ಕ. ಸುತ್ತುಗಳೋ ಹತ್ತಾರು.

ಭಾಗಿಸಿ ಪವರ್ ತೆಗೆದರೂ ಒಂದೇ, ಎರಡರ ಪವರ್ ಬೇರೆ ಬೇರೆ ತೆಗೆದು ಭಾಗಿಸಿದರೂ ಒಂದೇ, ಅಲ್ವಾ? ಹೈಸ್ಕೂಲ್ ಗಣಿತ ಅಷ್ಟೇ. ಹಾಗಾಗಿ 576 ಸಂಖ್ಯೆಗಳ ಪವರ್ ಒಂದೇ ಸಲ ತೆಗೆದು ಅರೇಯಲ್ಲಿ ಇಟ್ಟುಕೊಂಡರೆ, ಪ್ರತಿ ಸುತ್ತಲ್ಲೂ ಉಳಿಯುವುದು ಬರೀ ಒಂದು ಗುಣಾಕಾರ. ಆ ಒಂದು ಸಲಕ್ಕೂ ಪವರ್ ಫಂಕ್ಷನ್ ಬೇಡ: ಸಂಖ್ಯೆಯ ವರ್ಗಮೂಲ ತೆಗೆದು, ಅದನ್ನು ಅದೇ ಸಂಖ್ಯೆಯಿಂದ ಗುಣಿಸಿ, ಮತ್ತೆ ವರ್ಗಮೂಲ ತೆಗೆದರೆ 0.75 ಪವರ್ ಬಂದುಬಿಡುತ್ತದೆ. ವರ್ಗಮೂಲವನ್ನಾದರೆ ಎಸ್ಎಸ್ಇ (ಪ್ರೊಸೆಸರ್‌ನಲ್ಲೇ ಇರುವ ಒಂದು ಆದೇಶಗಳ ಗುಂಪು) ಒಟ್ಟಿಗೆ ನಾಲ್ಕು ಸಂಖ್ಯೆಗೆ ತೆಗೆದುಕೊಡುತ್ತದೆ. ಇದು ನನ್ನ ಕಂಡುಹಿಡಿತ ಅಲ್ಲ, ಲೇಮ್ ಅನ್ನುವ ಓಪನ್ ಸೋರ್ಸ್ ಎಂಪಿ3 ಎನ್‌ಕೋಡರ್‌ನ ಕೋಡ್ ಓದಿ ಕಲಿತದ್ದು. 1998ರಲ್ಲಿ ಲೇಮ್ ಶುರುವಾದದ್ದೇ ಐಎಸ್ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಮಾದರಿ ಕೋಡ್‌ಗೆ ಹಾಕಿದ ಪ್ಯಾಚ್‌ಗಳಾಗಿ. ಅದನ್ನು ಓದುತ್ತಾ ಹೋದರೆ ಒಂದೊಂದು ಸಾಲಿನ ಹಿಂದೆಯೂ ಯಾರೋ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತ ಕಾಣುತ್ತದೆ, ನಿಜಕ್ಕೂ ಗೌರವ ಬರುತ್ತದೆ.

ಇನ್ನೊಂದು ಬದಲಾವಣೆ ಹುಡುಕುವ ರೀತಿಯಲ್ಲಿ. ಸ್ಟೆಪ್ ಸೈಜ್ ನಿರ್ಧರಿಸುವ ಗ್ಲೋಬಲ್ ಗೇನ್ 8 ಬಿಟ್, ಅಂದರೆ 256 ಬೆಲೆಗಳು. ಒಂದೊಂದೇ ಮೆಟ್ಟಿಲು ಹತ್ತುವ ಬದಲು ಪ್ರತಿ ಸಲ ಅರ್ಧಕ್ಕೆ ಸೀಳುತ್ತಾ ಹೋದರೆ 8 ಪ್ರಯತ್ನ ಸಾಕು. ಸ್ಟೆಪ್ ದೊಡ್ಡದಾದ ಹಾಗೆ ಬಿಟ್ ಕಮ್ಮಿ ಆಗಲೇಬೇಕು ಅಂತೇನಿಲ್ಲ, ಟೇಬಲ್ ಬದಲಾದಾಗ ಸ್ವಲ್ಪ ಏರುಪೇರು ಆಗಬಹುದು. ಅದಕ್ಕೇ ಕೊನೆಯಲ್ಲಿ ಅಕ್ಕಪಕ್ಕದ ಬೆಲೆಗಳನ್ನೂ ನೋಡುತ್ತೇನೆ.

ಹಳೇ ಫೈಲ್, ಹೊಸ ಫೈಲ್ ಹೋಲಿಸಿದರೆ ಬೈಟ್‌ಗಳು ಒಂದೇ ಇರಲಿಲ್ಲ. ಎದೆ ಧಸಕ್ ಅಂತು. ಒಂದು ಫ್ರೇಮ್ (ಎರಡು ಗ್ರಾನ್ಯೂಲ್ ಸೇರಿದ ತುಂಡು) ಬಿಡಿಸಿ ನೋಡಿದೆ. ದುಂಡಾಗಿಸುವ ಗಡಿಯಲ್ಲಿದ್ದ ಒಂದೆರಡು ಸಂಖ್ಯೆ 3ರ ಬದಲು 4 ಆಗಿದ್ದವು. ಹೆಡ್‌ಫೋನ್ ಹಾಕಿ ಅದೇ ಜಾಗ ಹತ್ತು ಸಲ ಕೇಳಿದ ಮೇಲೇ ಸಮಾಧಾನ ಆಗಿದ್ದು. ವೇಗಕ್ಕೋಸ್ಕರ ಸದ್ದು ಹಾಳಾಗೋದು ನನಗೆ ಬೇಡ.

ಥ್ರೆಡ್ ಬಳಸಿ ಒಂದೇ ಹಾಡನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚಲು ನೋಡಿದೆ, ಬಿಟ್ ರಿಸರ್ವಾಯರ್ ಅಡ್ಡ ಬಂತು. ಒಂದು ಫ್ರೇಮ್ ಉಳಿಸಿದ ಜಾಗವನ್ನು ಮುಂದಿನದು ಬಳಸುತ್ತದೆ, ಹಾಗಾಗಿ ಹಿಂದಿನದು ಮುಗಿಯದೆ ಮುಂದಿನದಕ್ಕೆ ತನ್ನ ಪಾಲು ಎಷ್ಟು ಅಂತಲೇ ಗೊತ್ತಿರಲ್ಲ. ಸದ್ಯಕ್ಕೆ ಒಂದು ಕೋರ್‌ಗೆ ಒಂದು ಹಾಡು ಕೊಟ್ಟು ಓಡಿಸುತ್ತಿದ್ದೇನೆ.