ಕಂಟ್ರೋಲ್ ತೊಟ್ಟಿಯ ಎರಡು ಮರಿ

ಗುರುವಾರ ಬೆಳಿಗ್ಗೆ ಆರಕ್ಕೆ ಲ್ಯಾಬಿನ ಬಾಗಿಲು ತೆಗೆದು ನೇರ ಕಂಟ್ರೋಲ್ ತೊಟ್ಟಿಯ ಹತ್ತಿರ ಹೋದೆ. ಅದರಲ್ಲಿ ಔಷಧಿ ಇಲ್ಲ. ಬರೀ ನೀರು, ಹತ್ತು ರೋಹು ಮೀನಿನ ಮರಿ. ಬೇರೆ ತೊಟ್ಟಿಗಳ ಜೊತೆ ಹೋಲಿಸಿ ನೋಡಲು ಇಟ್ಟದ್ದು. ಅಲ್ಲಿ ಏನೂ ಆಗಬಾರದು. ಆದರೆ ಎರಡು ಮರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

2010ರ ಮಾತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷ. ಸೈಪರ್‌ಮೆತ್ರಿನ್ ಎಂಬ ಕೀಟನಾಶಕ ಸಿಹಿನೀರಿನ ಮೀನಿಗೆ ಎಷ್ಟು ವಿಷ ಎಂದು ಕಂಡುಹಿಡಿಯುವುದು ನನ್ನ ಪ್ರಾಜೆಕ್ಟ್. ಬೇರೆ ಔಷಧಿಗಳೂ ಪಟ್ಟಿಯಲ್ಲಿದ್ದವು. ನಾನು ಇದನ್ನೇ ಕೇಳಿ ತಗೊಂಡೆ. ನಮ್ಮೂರು ಬ್ಯಾಡಗಿ ಕಡೆ. ಬಿಟಿ ಹತ್ತಿ ಬಂದದ್ದು 2002ರಲ್ಲಿ. ಅದಕ್ಕೂ ಮುಂಚೆ ಹತ್ತಿಗೆ ಕಾಯಿಕೊರಕ ಬಿದ್ದರೆ ಊರೆಲ್ಲ ಇದರದೇ ವಾಸನೆ. ನಮ್ಮ ಕಡೆ ಇದಕ್ಕೆ ಯಾರೂ ಕೀಟನಾಶಕ ಅನ್ನುವುದಿಲ್ಲ, ಎಣ್ಣಿ ಅಂತಾರೆ. ಎಣ್ಣಿ ಹೊಡೆದು ಬಂದ ಅಪ್ಪನ ಅಂಗಿಯ ವಾಸನೆ ನನಗೆ ಈಗಲೂ ನೆನಪಿದೆ.

ಪರೀಕ್ಷೆ ಕೇಳಲು ಸರಳ. ಬೇರೆ ಬೇರೆ ಪ್ರಮಾಣದಲ್ಲಿ ಔಷಧಿ ಬೆರೆಸಿದ ನೀರಿನಲ್ಲಿ ಮೀನುಗಳನ್ನು 96 ಗಂಟೆ, ಅಂದರೆ ನಾಲ್ಕು ದಿನ ಇಡಬೇಕು. ದಿನದಿನವೂ ಎಷ್ಟು ಸತ್ತವು ಎಂದು ಬರೆಯಬೇಕು. ಅರ್ಧದಷ್ಟು ಮೀನುಗಳು ಸಾಯುವ ಪ್ರಮಾಣ ಎಷ್ಟು ಎಂದು ಲೆಕ್ಕ ಹಾಕಿ ತೆಗೆಯಬೇಕು. ಅದಕ್ಕೆ ಎಲ್‌ಸಿ 50 ಎನ್ನುತ್ತಾರೆ. ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 203ನೇ ಮಾರ್ಗಸೂಚಿ ಇದಕ್ಕೆಂದೇ ಇದೆ. ಅದರ 1992ರ ಆವೃತ್ತಿಯ ಜೆರಾಕ್ಸ್ ನನ್ನ ಬ್ಯಾಗಿನಲ್ಲಿ ಮಡಚಿ ಮಡಚಿ ಹರಿದುಹೋಗಿತ್ತು.

ಮೀನುಮರಿ ತರಲು ಬೆಳಗಿನ ಜಾವದ ಬಸ್ಸಿಗೆ ಹೋಗಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಅರ್ಧಕ್ಕಿಂತ ಕಡಿಮೆ ನೀರು, ಉಳಿದದ್ದೆಲ್ಲ ಆಕ್ಸಿಜನ್, ಬಾಯಿಗೆ ರಬ್ಬರ್ ಬ್ಯಾಂಡ್. ಇನ್ನೂರು ಮರಿ. ಒಂದೊಂದು ಬೆರಳುದ್ದ, ಎರಡು ಗ್ರಾಂ ತೂಕ, ರೆಕ್ಕೆಯ ಅಂಚಿನಲ್ಲಿ ತೆಳು ಕೆಂಪು. ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಂದ ತಕ್ಷಣ ಬಿಡುವ ಹಾಗಿಲ್ಲ. ಚೀಲವನ್ನೇ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಹೊರಗಿನ ಬಿಸಿ ಒಂದೇ ಆದ ಮೇಲೆ ಬಾಯಿ ಬಿಚ್ಚಬೇಕು. ತೊಟ್ಟಿಗೆ ನಲ್ಲಿ ನೀರನ್ನು ಹಾಗೇ ಹಾಕುವಂತಿಲ್ಲ. ಕ್ಲೋರಿನ್ ಹೋಗಲಿ ಎಂದು ಎರಡು ದಿನ ಡ್ರಮ್ಮಿನಲ್ಲಿಟ್ಟು ಗಾಳಿ ಆಡಿಸಿರಬೇಕು.

ಎರಡು ವಾರ ಅವನ್ನು ಸಾಕಿದೆ. ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿ ಸಣ್ಣ ಉಂಡೆ ಮಾಡಿ ಹಾಕುತ್ತಿದ್ದೆ. ನಾಲ್ಕೈದು ದಿನಕ್ಕೇ ನನ್ನ ನೆರಳು ಬಿದ್ದರೆ ಎಲ್ಲವೂ ಮೇಲೆ ಬರುತ್ತಿದ್ದವು. ಪರೀಕ್ಷೆಗೆ 24 ಗಂಟೆ ಮೊದಲು ಊಟ ನಿಲ್ಲಿಸಬೇಕು. ತಿಂದರೆ ಕಸ ಮಾಡುತ್ತವೆ, ಆ ಕಸ ನೀರಿನ ಆಕ್ಸಿಜನ್ ತಿನ್ನುತ್ತದೆ, ಔಷಧಿಯನ್ನೂ ಹೀರುತ್ತದೆ. ಕಾರಣ ಗೊತ್ತಿತ್ತು. ಆದರೂ ಆ ದಿನ ನೆರಳು ಬಿದ್ದಾಗ ಅವು ಮೇಲೆ ಬಂದದ್ದು, ನನ್ನ ಕೈ ಖಾಲಿ ಇದ್ದದ್ದು ನೋಡಲು ಆಗಲಿಲ್ಲ.

ಮೊದಲು ಇಪ್ಪತ್ತು ಮರಿ ಇಟ್ಟುಕೊಂಡು, ಯಾವ ಪ್ರಮಾಣದ ಸುತ್ತ ಹುಡುಕಬೇಕು ಎಂದು ಒಂದು ಅಂದಾಜು ಪರೀಕ್ಷೆ ಮಾಡಿದೆವು. ಆಮೇಲೆ ನಿಜವಾದದ್ದು. ಇಪ್ಪತ್ತು ಲೀಟರಿನ ಆರು ಗಾಜಿನ ತೊಟ್ಟಿ. ಲೀಟರಿಗೆ 2, 3, 4.5, 6.8, 10 ಮೈಕ್ರೋಗ್ರಾಂ. ಆರನೆಯದು ಕಂಟ್ರೋಲ್. ತೊಟ್ಟಿಗೆ ಹತ್ತು ಮರಿ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ. ಇಷ್ಟು ಸಣ್ಣ ಅಳತೆಯನ್ನು ನೇರವಾಗಿ ತೂಗಲು ಆಗುವುದಿಲ್ಲ. ಹಾಗಾಗಿ ಅಂಗಡಿಯ ಬಾಟಲಿಯಿಂದ, 25 ಪರ್ಸೆಂಟಿನದು, 0.1 ಮಿಲಿ ತೆಗೆದು ಒಂದು ಲೀಟರ್ ನೀರಿಗೆ ಬೆರೆಸಬೇಕು. ಅದೇ ಸ್ಟಾಕ್. ಅದರ ಒಂದು ಮಿಲಿಯಲ್ಲಿ 25 ಮೈಕ್ರೋಗ್ರಾಂ. 10ರ ತೊಟ್ಟಿಗೆ ಅದರಿಂದ 8 ಮಿಲಿ ಸಾಕು. ಸೈಪರ್‌ಮೆತ್ರಿನ್ ನೀರಿನಲ್ಲಿ ನಿಲ್ಲುವುದಿಲ್ಲ. ಗಾಜಿಗೆ, ಪ್ಲಾಸ್ಟಿಕ್ಕಿಗೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಹೊಸ ಸ್ಟಾಕ್ ಮಾಡಿ, ತೊಟ್ಟಿಗಳ ನೀರು ಬದಲಿಸುತ್ತಿದ್ದೆವು.

ಸೋಮವಾರ ಏಳಕ್ಕೆ ಶುರು. ಮೊದಲ ಕಾಲು ಗಂಟೆ ಏನೂ ಇಲ್ಲ. ಆಮೇಲೆ 10ರ ತೊಟ್ಟಿಯಲ್ಲಿ ಒಂದು ಮರಿ ಇದ್ದಕ್ಕಿದ್ದಂತೆ ಗಾಜಿಗೆ ಹೋಗಿ ಬಡಿಯಿತು. ಇನ್ನೊಂದು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗತೊಡಗಿತು. ಕಿವಿರಿನ ಮುಚ್ಚಳ ಎಷ್ಟು ಬೇಗ ಬೇಗ ಆಡುತ್ತಿತ್ತೆಂದರೆ ಗೆಳತಿ ಸ್ಟಾಪ್‌ವಾಚ್ ಹಿಡಿದು ಎರಡು ಸಲ ಎಣಿಸಿದರೂ ಲೆಕ್ಕ ತಪ್ಪಿತು. ಈ ಔಷಧಿ ನರದ ಮೇಲೆ ಕೆಲಸ ಮಾಡುತ್ತದೆ. ನರದಲ್ಲಿ ಸೋಡಿಯಂ ಹೋಗುವ ಸಣ್ಣ ಬಾಗಿಲುಗಳಿವೆ. ಅವು ತೆರೆದು ಕೂಡಲೇ ಮುಚ್ಚಬೇಕು. ಸೈಪರ್‌ಮೆತ್ರಿನ್ ಅವನ್ನು ಮುಚ್ಚಲು ಬಿಡುವುದಿಲ್ಲ. ನರ ಒಂದೇ ಸಮ ಹೊಡೆದುಕೊಳ್ಳುತ್ತದೆ. ನಮ್ಮ ದೇಹ ಇದನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿಗೆ ಆ ಕೆಲಸ ತುಂಬ ನಿಧಾನ. ಹುಳಕ್ಕೆ ಮಾಡಿದ ಮದ್ದು ಮೀನಿಗೂ ಹುಳಕ್ಕೆ ಬಡಿದಂತೆಯೇ ಬಡಿಯುತ್ತದೆ.

ಸಂಜೆ ಹೊತ್ತಿಗೆ ಅವು ಸುತ್ತತೊಡಗಿದವು. ಒಂದೇ ಜಾಗದಲ್ಲಿ, ಬಾಲ ಕೆಳಗೆ, ತಲೆ ಮೇಲೆ, ಬುಗುರಿಯ ಹಾಗೆ. ಮೈಮೇಲೆ ಲೋಳೆ ಬಂದು ಹೊಳಪು ಹೋಗಿತ್ತು. ಸತ್ತಿದೆ ಎಂದು ಬರೆಯಲೂ ನಿಯಮವಿದೆ. ಕಿವಿರು ಆಡಬಾರದು. ಬಾಲದ ಬುಡಕ್ಕೆ ಗಾಜಿನ ಕಡ್ಡಿ ತಾಗಿಸಿದರೆ ಅಲುಗಾಡಬಾರದು. ಆ ಕಡ್ಡಿ ಹಿಡಿದು ರಾತ್ರಿಯಿಡೀ ಕೂತಿದ್ದೆ. ಸತ್ತೇಹೋಯಿತು ಅಂದುಕೊಂಡ ಮರಿ ಕಡ್ಡಿ ತಾಗಿದ ಕೂಡಲೇ ಒಮ್ಮೆ ಬಾಲ ಬಡಿಯುತ್ತಿತ್ತು. ಆಗ ಪುಸ್ತಕದಲ್ಲಿ 'ಜೀವಂತ' ಎಂದೇ ಬರೆಯಬೇಕು.

ಗುರುವಾರಕ್ಕೆ ವಾಪಸ್ ಬರುತ್ತೇನೆ. ಕಂಟ್ರೋಲಿನಲ್ಲಿ ಹತ್ತರಲ್ಲಿ ಒಂದು ಸತ್ತರೆ ಪರವಾಗಿಲ್ಲ, ಎರಡು ಸತ್ತರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಏಕೆಂದರೆ ಉಳಿದ ತೊಟ್ಟಿಗಳ ಸಾವು ಔಷಧಿಯಿಂದಲೇ ಎಂದು ಹೇಳಲು ಆಧಾರ ಇರುವುದಿಲ್ಲ. ಅರವತ್ತು ಮರಿ, ಮೂರು ದಿನ, ಎಲ್ಲ ಹೋಯಿತು. ನಾನು ಅಳುತ್ತಾ ಗೈಡ್ ಹತ್ತಿರ ಹೋದೆ. ಅವರು ಬೈಯಲಿಲ್ಲ. "ಎಷ್ಟು ಸತ್ತವು ಅಂತ ಹೇಳಿದಿ. ಹೆಂಗ ಸತ್ತವು ನೋಡಿದಿ?" ಎಂದು ಕೇಳಿದರು.

ನೋಡಿರಲಿಲ್ಲ. ಓಡಿ ಬಂದು ನೋಡಿದೆ. ಉಳಿದ ಎಂಟರಲ್ಲಿ ಒಂದು ಸುತ್ತುತ್ತಿತ್ತು. ಬಾಲ ಕೆಳಗೆ, ತಲೆ ಮೇಲೆ. ಆಕ್ಸಿಜನ್ ಕಡಿಮೆಯಾಗಿ ಸಾಯುವ ಮೀನು ಹೀಗೆ ಸುತ್ತುವುದಿಲ್ಲ. ಔಷಧಿ ಇಲ್ಲದ ತೊಟ್ಟಿಯಲ್ಲಿ ಔಷಧಿ ಇತ್ತು.

ಎಲ್ಲಿಂದ ಬಂತು? ಗೆಳತಿ, ನಾನು ಹಿಂದಿನ ದಿನದ ಒಂದೊಂದು ಕೆಲಸವನ್ನೂ ಮತ್ತೆ ಮಾಡಿ ನೋಡಿದೆವು. ಬುಧವಾರ ನೀರು ಬದಲಿಸುವಾಗ ಬಕೆಟ್ ಅವಳ ಕೈಯಲ್ಲಿತ್ತು. ನಾನು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಜಗ್ ತಗೊಂಡು ಕಂಟ್ರೋಲ್ ತುಂಬಿಸಿದ್ದೆ. ಆ ಜಗ್ಗಿನಲ್ಲಿ ಒಂದು ಗಂಟೆ ಮುಂಚೆ ಸ್ಟಾಕ್ ಮಾಡಿದ್ದೆ. ಬಗ್ಗಿಸಿ ಖಾಲಿ ಮಾಡಿದ್ದೆ, ತೊಳೆದಿರಲಿಲ್ಲ. ನೋಡಲು ಚೊಕ್ಕವಾಗೇ ಇತ್ತು. ಅದೇ ಜಗ್ಗಿಗೆ ನೀರು ಹಾಕಿ ಬಗ್ಗಿಸಿ, ಒಳಗೆ ಉಳಿಯುವ ಹನಿಗಳನ್ನು ಪಿಪೆಟ್ಟಿನಲ್ಲಿ ಎಳೆದು ಅಳೆದೆ. ಸುಮಾರು ಮೂರು ಮಿಲಿ. ಮೂರು ಮಿಲಿ ಸ್ಟಾಕಿನಲ್ಲಿ 75 ಮೈಕ್ರೋಗ್ರಾಂ. ಅದನ್ನು ಇಪ್ಪತ್ತು ಲೀಟರಿಗೆ ಹಂಚಿದರೆ ಲೀಟರಿಗೆ 3.75. ಅಂದರೆ ನನ್ನ ಕಂಟ್ರೋಲ್ ತೊಟ್ಟಿ 3ರ ತೊಟ್ಟಿಗಿಂತ ವಿಷವಾಗಿತ್ತು.

ಆ ಲೆಕ್ಕ ಬರೆದ ಹಾಳೆಯ ಮೇಲೆ ಕೈ ಇಟ್ಟು ಎಷ್ಟೋ ಹೊತ್ತು ಸುಮ್ನೆ ಕೂತೆ. ನಾನು ಮೀನಿನ ಬಗ್ಗೆ ಯೋಚಿಸುತ್ತಿರಲಿಲ್ಲ. ನಮ್ಮ ಹೊಲದ ಕೆಳಗಿನ ಹಳ್ಳದ ಬಗ್ಗೆ ಯೋಚಿಸುತ್ತಿದ್ದೆ. ಎಣ್ಣಿ ಹೊಡೆದ ಮೇಲೆ ಅಪ್ಪ ಪಂಪನ್ನು ಅಲ್ಲೇ ತೊಳೆಯುವುದು. ನಾನು ಚಿಕ್ಕವಳಿದ್ದಾಗ ಬಾಟಲಿಯ ಮುಚ್ಚಳ ತೊಳೆದು ಕೊಟ್ಟದ್ದೂ ಅಲ್ಲೇ.

ಎರಡನೇ ಸಲ ಎಲ್ಲವನ್ನೂ ಬೇರೆ ಮಾಡಿದೆವು. ಕಂಟ್ರೋಲಿಗೆ ಕೆಂಪು ಟೇಪ್ ಸುತ್ತಿದ ಅದರದೇ ಬಕೆಟ್, ಅದರದೇ ಪೈಪು, ಅದರದೇ ಬಲೆ. ಕೆಲಸ ಯಾವಾಗಲೂ ಕಂಟ್ರೋಲಿನಿಂದ ಶುರು, 10ರ ತೊಟ್ಟಿ ಕೊನೆಗೆ. ಮಂಗಳವಾರ ರಾತ್ರಿ ಕರೆಂಟ್ ಹೋಗಿ ಗಾಳಿಯ ಪಂಪುಗಳು ನಿಂತಾಗಲೂ, ಮೇಣದಬತ್ತಿ ಬೆಳಕಿನಲ್ಲಿ ಒಂದೊಂದು ತೊಟ್ಟಿಯ ನೀರನ್ನು ಅದರದೇ ಲೋಟದಲ್ಲಿ ಎತ್ತಿ ಎತ್ತಿ ಸುರಿದೆವು. ನಾಲ್ಕು ದಿನ ಮುಗಿದಾಗ ಕಂಟ್ರೋಲಿನ ಹತ್ತೂ ಬದುಕಿದ್ದವು. 2ರಲ್ಲಿ ಒಂದು, 3ರಲ್ಲಿ ಎರಡು, 4.5ರಲ್ಲಿ ನಾಲ್ಕು, 6.8ರಲ್ಲಿ ಎಂಟು ಸತ್ತಿದ್ದವು. 10ರಲ್ಲಿ ಎಲ್ಲವೂ. ಪ್ರಮಾಣದ ಲಾಗ್ ಒಂದು ಕಡೆ, ಪ್ರೋಬಿಟ್ (ನೂರಕ್ಕೆ ಎಷ್ಟು ಸತ್ತವು ಎಂಬುದನ್ನು ನೇರ ಗೆರೆ ಬರುವಂತೆ ಬದಲಿಸಿಕೊಂಡ ಅಂಕಿ) ಇನ್ನೊಂದು ಕಡೆ ಇಟ್ಟು ಗ್ರಾಫ್ ಎಳೆದರೆ ಚುಕ್ಕೆಗಳು ಹೆಚ್ಚುಕಡಿಮೆ ಒಂದು ಗೆರೆಯ ಮೇಲೆ ಕೂತವು. ಗೆರೆ ಐದನೇ ಪ್ರೋಬಿಟ್ ದಾಟುವ ಕಡೆ, ಅಂದರೆ ಅರ್ಧ ಸಾಯುವ ಕಡೆ, ಕೆಳಗೆ ಸಿಕ್ಕಿದ ಪ್ರಮಾಣ ಲೀಟರಿಗೆ ಐದು ಮೈಕ್ರೋಗ್ರಾಂ. ಪ್ರಾಜೆಕ್ಟಿನ ಉತ್ತರ ಅದೇ.

ಆದರೆ ನನ್ನ ಕಣ್ಣಲ್ಲಿ ನಿಂತದ್ದು ಆ ಸಂಖ್ಯೆಯಲ್ಲ. 4.5ರ ತೊಟ್ಟಿಯಲ್ಲಿ ಆರು ಮರಿ ಉಳಿದಿದ್ದವು. ಪುಸ್ತಕದಲ್ಲಿ 'ಜೀವಂತ: 6' ಎಂದು ಬರೆದೆ. ಅವುಗಳಲ್ಲಿ ನಾಲ್ಕು ತಳದಲ್ಲಿ ಓರೆಯಾಗಿ ಒರಗಿದ್ದವು. ಮೈಬಣ್ಣ ಮಾಸಿತ್ತು. ನನ್ನ ನೆರಳು ಬಿದ್ದರೂ ಮೇಲೆ ಬರಲಿಲ್ಲ. ಕೆರೆಯಲ್ಲಿದ್ದಿದ್ದರೆ ಆ ನಾಲ್ಕನ್ನೂ ಅವತ್ತೇ ಕೊಕ್ಕರೆ ತಿನ್ನುತ್ತಿತ್ತು. ಲೆಕ್ಕದಲ್ಲಿ ಮಾತ್ರ ಅವು ಚುರುಕಾಗಿ ಈಜುವ ಮೀನಿಗೆ ಸಮ. ಆ ನಾಲ್ಕನ್ನು ಶುದ್ಧ ನೀರಿಗೆ ಹಾಕಿ ನೋಡಿಕೊಂಡೆ. ಮೂರು ನಿಧಾನಕ್ಕೆ ಸರಿಯಾದವು, ಎರಡನೇ ದಿನ ಹಿಂಡಿ ತಿಂದವು. ಒಂದು ಸತ್ತಿತು. 96 ಗಂಟೆ ಮುಗಿದಿತ್ತಲ್ಲ, ಅದರ ಸಾವು ಎಲ್ಲೂ ದಾಖಲಾಗಲಿಲ್ಲ. 2019ರಲ್ಲಿ ತಿದ್ದಿದ ಮಾರ್ಗಸೂಚಿ ಸಾವಿನ ಜೊತೆ ಇಂಥ ಲಕ್ಷಣಗಳನ್ನೂ ಬರೆಯಲೇಬೇಕು ಅನ್ನುತ್ತದೆ. 2013ರಿಂದ ದೊಡ್ಡ ಮೀನಿನ ಬದಲು ಝೀಬ್ರಾಫಿಶ್ ಮೊಟ್ಟೆಯ ಮೇಲೆ ಮಾಡುವ ಇನ್ನೊಂದು ಪರೀಕ್ಷೆಯೂ, 236 ಸಂಖ್ಯೆಯದು, ಬಂದಿದೆ. ಅವತ್ತೇ ಇದ್ದಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ.

ಯುಗಾದಿಗೆ ಊರಿಗೆ ಹೋದೆ. ಹಳ್ಳ ಹರಿಯುವುದು ನಿಂತಿತ್ತು, ಮಡುವಿನಲ್ಲಷ್ಟೇ ನೀರು. ಅಪ್ಪ ಬದನೆಗೆ ಎಣ್ಣಿ ಹೊಡೆದು ಪಂಪ್ ಬೆನ್ನಿಗೆ ಹಾಕಿಕೊಂಡು ಅತ್ತಲೇ ಹೊರಟಿದ್ದ. ತಡೆದು ನಿಲ್ಲಿಸಿ ಜಗ್ಗಿನ ಕತೆ ಹೇಳಿದೆ. ಮುಚ್ಚಳದ ತಳದಲ್ಲಿ ಉಳಿದಿದ್ದ ಎಣ್ಣಿ ತೋರಿಸಿದೆ.

"ಇಷ್ಟರಾಗ ಏನಾಗತೈತಿ?" ಅಂದ.

ಒಂದು ಮಿಲಿ ಅಂತ ಇಟ್ಟುಕೊಳ್ಳೋಣ ಅಂದೆ. ಅದರಲ್ಲಿ ಎರಡೂವರೆ ಲಕ್ಷ ಮೈಕ್ರೋಗ್ರಾಂ. ಲೀಟರಿಗೆ ಐದರಂತೆ ಹಂಚಿದರೆ ಐವತ್ತು ಸಾವಿರ ಲೀಟರ್. ಮಡು ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸೊಂಟದ ಮಟ್ಟ ನೀರು ಅಂದರೆ ಅದೂ ಐವತ್ತು ಸಾವಿರ ಲೀಟರೇ. ಲ್ಯಾಬಿನ ನೀರಿನ ಹಾಗೆ ಇಲ್ಲಿ ಆಗುವುದಿಲ್ಲ, ಕೆಸರಿಗೆ ಸುಮಾರು ಅಂಟಿಕೊಳ್ಳುತ್ತದೆ, ಅಷ್ಟೂ ಮೀನಿಗೆ ತಾಗುವುದಿಲ್ಲ ಎಂದೂ ಹೇಳಿದೆ. ಆದರೆ ತೊಳೆಯುವುದು ಮುಚ್ಚಳ ಒಂದನ್ನೇ ಅಲ್ಲ, ಪಂಪನ್ನೂ. ಅಪ್ಪ ಒಬ್ಬನೇ ಅಲ್ಲ, ಆ ಸಾಲಿನ ಎಲ್ಲ ಹೊಲದವರೂ.

ಅಪ್ಪ ಮಡುವಿನ ಕಡೆ ನೋಡಿದ. "ಹಂಗಾರ ಪಂಪ್ ಎಲ್ಲಿ ತೊಳೀಲಿ?"

ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಹೊಲದ ಮೇಲ್ತುದಿಗೆ ನೀರು ಹೊತ್ತು ತರಬೇಕು, ಮೂರು ಸಲ ತೊಳೆಯಬೇಕು, ತೊಳೆದ ನೀರನ್ನು ಅದೇ ಬೆಳೆಯ ಸಾಲಿಗೆ ಹೊಡೆಯಬೇಕು. ನಡು ನೋಯುವ ಕೆಲಸ. ಮನೆಯಿಂದ ಎರಡು ಕೊಡ ತಂದೆ. ಅಪ್ಪ ಪಂಪನ್ನು ಬದುವಿನ ಮೇಲೆ ಇಳಿಸಿ, ಮೊದಲು ಮಣ್ಣು ಹಚ್ಚಿ ಮೊಣಕೈವರೆಗೆ ಕೈ ತೊಳೆದುಕೊಂಡ. ಆಮೇಲೆ ಮಡುವಿಗೆ ಇಳಿದು ಕೊಡ ಮುಳುಗಿಸಿದ. ನೀರಿನ ಜೊತೆ ಸಣ್ಣ ಮೀನು ಒಳಗೆ ಬಂದವು. ಕೊಡ ಓರೆ ಮಾಡಿ ಅವು ಹೋಗುವವರೆಗೆ ನಿಂತಿದ್ದು, ಮತ್ತೆ ತುಂಬಿದ.