ಹನುಮಪ್ಪನ ಗುಡಿಯ ಮೂರನೇ ಮೆಟ್ಟಿಲು

2019ರ ಆಗಸ್ಟ್. ನಾನು ಜಪಾನಿನ ಕಾವಾಸಾಕಿಯಲ್ಲಿ, ಅವ್ವ ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ. ಅಲ್ಲಿ ರಾತ್ರಿ ಹನ್ನೊಂದು ಅಂದರೆ ಇಲ್ಲಿ ಎರಡೂವರೆ. ಕೃಷ್ಣೆ ಏರುತ್ತಿದ್ದಳು. ನಿದ್ದೆ ಎಲ್ಲಿಂದ ಬರಬೇಕು?

'ಡ್ಯಾಂ ಒಡೆದಿದೆ, ಎಲ್ಲರಿಗೂ ಕಳಿಸಿ' ಅಂತ ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜು. ಯಾವ ಡ್ಯಾಂ? ಹಿಡಕಲ್ ಇರುವುದು ಘಟಪ್ರಭೆಗೆ. ಆಲಮಟ್ಟಿ ನಮ್ಮೂರಿಗಿಂತ ಕೆಳಗಿದೆ. ಅದು ಒಡೆದರೆ ನಮ್ಮಲ್ಲಿ ನೀರು ಇಳಿಯಬೇಕು, ಅಲ್ವಾ? ಆ ಹೊತ್ತಿನಲ್ಲಿ ಇದೊಂದೂ ಹೊಳೆಯಲಿಲ್ಲ. ಫೋನ್ ಹಚ್ಚಿ ಅವ್ವನನ್ನೂ ಹೆದರಿಸಿದೆ.

"ನೀರು ಹನುಮಪ್ಪನ ಗುಡಿ ಮೂರನೇ ಮೆಟ್ಲಿಗೆ ಐತಿ. ಮುಂಜಾನೆ ಎರಡನೇದಕ್ಕಿತ್ತು. ಎಮ್ಮಿ ಬಿಟ್ಟು ನಾ ಎಲ್ಲಿಗ್ ಹೋಗ್ಲಿ?" ಅಂದಳು.

ಇಡೀ ದಿನ ಕೇಳಿದ್ದರಲ್ಲಿ ಕೆಲಸಕ್ಕೆ ಬಂದ ಸುದ್ದಿ ಅದೊಂದೇ. ಮೇಲೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದೂ ಬೇಕು, ಇಲ್ಲ ಅನ್ನಲ್ಲ. ಆದರೆ ನಮ್ಮ ಓಣಿಗೆ ನೀರು ಬರುತ್ತದೋ ಇಲ್ಲವೋ ಹೇಳುವುದು ಆ ಮೆಟ್ಟಿಲು.

ಮರುದಿನ ಊರಿನ ನಾಲ್ಕೈದು ಗೆಳೆಯರು ಸೇರಿ ಆನ್‌ಲೈನ್‌ನಲ್ಲಿ ಒಂದು ಶೀಟ್ ತೆರೆದೆವು. ಊರು, ಗಂಟೆ, ಕಣ್ಣಾರೆ ಕಂಡವರು ಯಾರು, ಏನು ಬೇಕು. ಗಂಟೆ ಇಲ್ಲದ ಸುದ್ದಿ ಹಾಕುತ್ತಿರಲಿಲ್ಲ. ಕೆಲವರು ಸಿಟ್ಟಾದರು, ಜನ ಮುಳುಗುತ್ತಿರುವಾಗ ಇದೆಂಥ ಗುಮಾಸ್ತಗಿರಿ ಅಂತ. ಆದರೆ 'ಇವತ್ತು ರೊಟ್ಟಿ ಬೇಕು' ಅನ್ನುವ ಮೆಸೇಜು ಮೂರು ದಿನ ಆದರೂ ಇವತ್ತಿನದೇ ಆಗಿ ಓಡಾಡುತ್ತಿತ್ತು. ಗಂಜಿ ಕೇಂದ್ರದಲ್ಲಿ ಕಡಕ್ ರೊಟ್ಟಿ ರಾಶಿ ಬಿದ್ದಿತ್ತು. ದನಕ್ಕೆ ಮೇವಿರಲಿಲ್ಲ. ಮೇವಿಲ್ಲ ಅಂತಲೇ ಎಷ್ಟೋ ಮಂದಿ ಮನೆ ಬಿಡಲಿಲ್ಲ, ಅವ್ವನೂ ಅಷ್ಟೆ. ಶೀಟಿನಲ್ಲಿ 'ಕಣಿಕೆ', ಅಂದರೆ ಜೋಳದ ದಂಟಿನ ಮೇವು, ಬೇಕು ಅಂತ ಬರೆದ ಮೇಲೆ ಒಂದು ಟ್ರ್ಯಾಕ್ಟರ್ ಬಂತು. ಆಮೇಲೆ ಅವ್ವ ಎಮ್ಮೆ ಹೊಡೆದುಕೊಂಡು ದಿಬ್ಬದ ಶಾಲೆಗೆ ಹೋದಳು.

ಇಲ್ಲಿ ಜಪಾನಿನಲ್ಲಿ ಓಣಿಗೊಂದು ಸಂಘ ಇರುತ್ತದೆ, ಚೋನೈಕೈ ಅಂತಾರೆ. ಅವರ ಸೂಚನೆಗಳ ಫೈಲು ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ಠಸ್ಸೆ ಒತ್ತಿ ಪಕ್ಕದ ಮನೆಗೆ ಕೊಡಬೇಕು. ದೊಡ್ಡ ಭೂಕಂಪವಾದಾಗ 171ಕ್ಕೆ ಫೋನ್ ಮಾಡಿ 'ನಾನು ಚೆನ್ನಾಗಿದ್ದೀನಿ' ಅಂತ ದನಿ ಇಟ್ಟುಹೋಗಬಹುದು. 1995ರ ಕೋಬೆ ಭೂಕಂಪದಲ್ಲಿ ಫೋನ್ ಲೈನುಗಳು ಕಟ್ಟಿಕೊಂಡ ಮೇಲೆ ಮಾಡಿದ್ದು. ಪ್ರತಿ ತಿಂಗಳ 1 ಮತ್ತು 15ನೇ ತಾರೀಖು ಸುಮ್ನೆ ಅಭ್ಯಾಸ ಮಾಡಲು ಬಿಡುತ್ತಾರೆ. ಎಲ್ಲವೂ ಸರಿ ಇದೆ ಅಂತಲ್ಲ. ಬೀದಿಯ ಸ್ಪೀಕರ್‌ನಲ್ಲಿ ಹೇಳಿದ್ದು ಜೋರು ಮಳೆಯಲ್ಲಿ ಒಂದಕ್ಷರ ಕೇಳಿಸಲ್ಲ.

ಅದೇ ವರ್ಷ ಅಕ್ಟೋಬರ್ 12ಕ್ಕೆ ಹಗಿಬಿಸ್ ಚಂಡಮಾರುತ ಬಂತು. ನಮ್ಮ ಪಕ್ಕದ ತಾಮಾ ಹೊಳೆ ಏರಿತು. ಮೊಬೈಲ್ ಕಿರುಚುತ್ತಲೇ ಇತ್ತು. ಈ ಸಲ ಹೆದರಿದವಳು ಅವ್ವ. ಸಮಾಧಾನಕ್ಕೆ ಅಂತ ಹೊಳೆಯ ಕ್ಯಾಮೆರಾದ ಒಂದು ಚಿತ್ರ ಕಳಿಸಿದೆ.

ಕೂಡಲೇ ಫೋನ್ ಬಂತು.

"ಇದು ಎಷ್ಟು ಗಂಟೆದು?"