ಕೊನೆಯ ಟೆನಿಸ್ ಅಂಕಣವನ್ನು ನೋಡಿ ಬನ್ನಿ

ಬೇಸಿಗೆಯ ಟೆನಿಸ್ ಶಿಬಿರ ಮುಗಿಯುವ ಹೊತ್ತಿಗೆ ತುಮಕೂರಿನ ಪೋಷಕರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಸರ್, ಮಗು ಚೆನ್ನಾಗಿ ಆಡುತ್ತದೆ ಎನ್ನುತ್ತೀರಿ. ಬೆಂಗಳೂರಿನ ಯಾವ ಅಕಾಡೆಮಿಗೆ ಸೇರಿಸೋಣ?" ಮಗುವಿಗೆ ಏಳೋ ಎಂಟೋ ವರ್ಷ. ಅಷ್ಟರಲ್ಲಿ ಎರಡು ಮೂರು ಅಕಾಡೆಮಿಗಳ ಕರಪತ್ರಗಳು ಅವರ ಮೊಬೈಲಿಗೆ ಬಂದಿರುತ್ತವೆ. ಒಂದೊಂದರಲ್ಲೂ ಟ್ರೋಫಿ ಹಿಡಿದು ನಿಂತ ಹದಿಹರೆಯದವರ ಚಿತ್ರ.

ನಾನು ಚಿಕ್ಕ ಮಕ್ಕಳ ಟೆನಿಸ್ ತರಬೇತುದಾರ. ಮೊದಲು ಬೆಂಗಳೂರಿನ ದೊಡ್ಡ ಅಕಾಡೆಮಿಯೊಂದರಲ್ಲಿ ಸಹಾಯಕ ಕೋಚ್ ಆಗಿದ್ದೆ, ಈಗ ತುಮಕೂರಿನಲ್ಲಿಯೇ ಕಲಿಸುತ್ತಿದ್ದೇನೆ. ಪೋಷಕರ ಪ್ರಶ್ನೆಗೆ ನಾನು ಯಾವ ಅಕಾಡೆಮಿಯ ಹೆಸರನ್ನೂ ಹೇಳುವುದಿಲ್ಲ. ವಾರದ ನಡುವಿನ ಯಾವುದಾದರೂ ಸಂಜೆ, ಮುಂಚಿತವಾಗಿ ತಿಳಿಸದೆ ಹೋಗಿ, ಕೊನೆಯ ಅಂಕಣದ (ಕೋರ್ಟ್) ಪಕ್ಕದಲ್ಲಿ ಒಂದು ಗಂಟೆ ಕುಳಿತು ಬನ್ನಿ ಎನ್ನುತ್ತೇನೆ.

ಕಚೇರಿಯ ಎದುರಿಗಿರುವ ಮೊದಲ ಅಂಕಣದಲ್ಲಿ ಶ್ರೇಯಾಂಕ ಪಡೆದ ಆಟಗಾರರು ಮುಖ್ಯ ಕೋಚ್ ಜೊತೆ ಆಡುತ್ತಿರುತ್ತಾರೆ. ವಿಚಾರಿಸಲು ಬಂದವರಿಗೆ ಕಾಣುವುದು ಆ ಅಂಕಣ. ಹೊಸದಾಗಿ ಸೇರಿದ ಚಿಕ್ಕ ಮಕ್ಕಳು ಇರುವುದು ಆವರಣದ ಆ ತುದಿಯಲ್ಲಿ, ಅಲ್ಲಿನ ಅತ್ಯಂತ ಕಿರಿಯ ಸಹಾಯಕನ ಜೊತೆ. ನಿಮ್ಮ ಮಗು ಕನಿಷ್ಠ ಎರಡು ವರ್ಷ ಕಳೆಯುವುದು ಅಲ್ಲಿಯೇ. ಹಾಗಾಗಿ ಅಕಾಡೆಮಿಯನ್ನು ಅದರ ಅತ್ಯುತ್ತಮ ಆಟಗಾರನಿಂದ ಅಳೆಯಬೇಡಿ, ಅಲ್ಲಿನ ಅತಿ ದುರ್ಬಲ ಮಗುವಿಗೆ ಆ ಒಂದು ಗಂಟೆಯಲ್ಲಿ ಏನು ಸಿಗುತ್ತದೆ ಎಂಬುದರಿಂದ ಅಳೆಯಿರಿ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಖಚಿತವಾಗಿರುವುದು ಇದು.

ಕುಳಿತಾಗ ಮೊದಲು ಸಾಲನ್ನು ನೋಡಿ. ಹನ್ನೆರಡು ಮಕ್ಕಳು ಒಂದರ ಹಿಂದೆ ಒಂದು ನಿಂತಿದ್ದಾರೆ, ಕೋಚ್ ಬುಟ್ಟಿಯಿಂದ ಚೆಂಡು ತೆಗೆದು ಒಬ್ಬೊಬ್ಬರಿಗೆ ಆರಾರು ಕೊಡುತ್ತಿದ್ದಾರೆ ಎಂದುಕೊಳ್ಳಿ. ಚೆಂಡಿಗೆ ನಾಲ್ಕು ಸೆಕೆಂಡ್ ಹಿಡಿದರೂ ಸಾಲು ಒಂದು ಸುತ್ತು ಬರಲು ಸುಮಾರು ಐದು ನಿಮಿಷ ಬೇಕು. ಓಟ, ಮೈ ಬಿಸಿ ಮಾಡುವುದು, ಚೆಂಡು ಆರಿಸುವುದು ಎಲ್ಲ ಕಳೆದು 45 ನಿಮಿಷ ಉಳಿದರೆ ಒಂಬತ್ತು ಸುತ್ತು, ಅಂದರೆ ಮಗುವಿಗೆ 54 ಚೆಂಡು. ಆ 45 ನಿಮಿಷದಲ್ಲಿ ಮಗು ನಿಜಕ್ಕೂ ಆಡಿದ್ದು ನಾಲ್ಕು ನಿಮಿಷಕ್ಕೂ ಕಡಿಮೆ. ಉಳಿದ ಹೊತ್ತು ಮುಂದಿನವನ ಬೆನ್ನು ನೋಡುತ್ತಾ ನಿಂತಿದೆ. ಅದೇ ಮಕ್ಕಳನ್ನು ಜೋಡಿ ಮಾಡಿ, ಒಂದು ದೊಡ್ಡ ಅಂಕಣವನ್ನು ಅಡ್ಡಡ್ಡಲಾಗಿ ಪುಟ್ಟ ಅಂಕಣಗಳಾಗಿ ವಿಂಗಡಿಸಿ, ನಿಧಾನದ ಚೆಂಡು ಕೊಟ್ಟು ಬಿಟ್ಟರೆ, 54 ಹೊಡೆತಗಳು ಹತ್ತು ನಿಮಿಷದಲ್ಲಿ ಮುಗಿದಿರುತ್ತವೆ. ಅದೂ ಎದುರಿನವರು ಹೊಡೆದ, ಪ್ರತಿ ಸಲ ಬೇರೆ ಬೇರೆ ಕಡೆ ಬೀಳುವ ಚೆಂಡುಗಳು. ಬುಟ್ಟಿಯಿಂದ ಒಂದೇ ಜಾಗಕ್ಕೆ ಬೀಳುವ ಚೆಂಡನ್ನು ಹೊಡೆದು ಕಲಿತ ಮಗು ನೋಡಲು ಸೊಗಸಾಗಿ ಕಾಣುತ್ತದೆ, ಪಂದ್ಯದಲ್ಲಿ ಮಾತ್ರ ಕಾಲು ಕೀಳುವುದಿಲ್ಲ.

ಇನ್ನು ಚೆಂಡಿನ ಬಣ್ಣ. ಕೆಂಪು ಚೆಂಡುಗಳನ್ನು ಕಂಡು "ಇದು ಮಕ್ಕಳಾಟ, ನಮಗೆ ಸ್ಪರ್ಧಾತ್ಮಕ ತರಬೇತಿ ಬೇಕು" ಎಂದು ಹಿಂತಿರುಗುವ ಪೋಷಕರಿದ್ದಾರೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡನ್ನು ಬಳಸಬಾರದೆಂದು ನಿಯಮವನ್ನೇ ಮಾಡಿತು. ಕೆಂಪು ಚೆಂಡು ಹಳದಿಗಿಂತ ಸುಮಾರು ಶೇ 75ರಷ್ಟು ನಿಧಾನ, ಕಿತ್ತಳೆ ಬಣ್ಣದ್ದು ಶೇ 50, ಹಸಿರು ಚುಕ್ಕೆಯದು ಶೇ 25. ಅಂಕಣವೂ ಅದಕ್ಕೆ ತಕ್ಕಂತೆ ಬೆಳೆಯುತ್ತದೆ: ಕೆಂಪು ಚೆಂಡಿಗೆ ಸುಮಾರು 11 ಮೀಟರ್ ಉದ್ದ, ಕಿತ್ತಳೆಗೆ 18 ಮೀಟರ್, ಆಮೇಲೆ 23.77 ಮೀಟರ್‌ನ ಪೂರ್ಣ ಅಂಕಣ.

ಇದರ ಹಿಂದಿನ ಕಾರಣ ಕೋಚ್ ಆದವನಿಗೆ ದಿನವೂ ಕಣ್ಣಿಗೆ ಬೀಳುತ್ತದೆ. ಗಟ್ಟಿ ಅಂಕಣದಲ್ಲಿ ಹಳದಿ ಚೆಂಡು ಪುಟಿದರೆ ಏಳು ವರ್ಷದ ಮಗುವಿನ ತಲೆಯ ಮಟ್ಟಕ್ಕೆ ಏರುತ್ತದೆ. ಅಷ್ಟು ಎತ್ತರದ ಚೆಂಡನ್ನು ಹೊಡೆಯಲು ಮಗು ತನಗೆ ತಿಳಿಯದೆಯೇ ಅಂಗೈಯನ್ನು ರಾಕೆಟ್ ಹಿಡಿಯ ಕೆಳಕ್ಕೆ ತಿರುಗಿಸಿಕೊಳ್ಳುತ್ತದೆ. ಆ ಹಿಡಿತ ಕೈಗೆ ಒಗ್ಗಿತೆಂದರೆ ಹನ್ನೆರಡನೇ ವಯಸ್ಸಿನಲ್ಲಿ ತಗ್ಗಿ ಬರುವ ಚೆಂಡಿಗೆ, ನೆಟ್ ಬಳಿ ಚೆಂಡು ನೆಲಕ್ಕೆ ತಾಗುವ ಮೊದಲೇ ಹೊಡೆಯುವ ವಾಲಿಗೆ, ಸರ್ವ್‌ಗೆ ಎಲ್ಲದಕ್ಕೂ ಅದು ಅಡ್ಡ ಬರುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟದ ಕೆಲಸ. ಇನ್ನು ರಾಕೆಟ್: ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದು ಹೊಲಿಸುವಂತೆ, ಬೆಳೆದ ಮೇಲೂ ಬರಲಿ ಎಂದು ದೊಡ್ಡವರ 27 ಇಂಚಿನ ರಾಕೆಟ್ ತರಬೇಡಿ. ಆರರಿಂದ ಎಂಟು ವರ್ಷದವರಿಗೆ ಸಾಮಾನ್ಯವಾಗಿ 23 ಇಂಚಿನದು ಸರಿ, ಒಂಬತ್ತು ಹತ್ತಕ್ಕೆ 25. ಭಾರದ ರಾಕೆಟ್ ಎತ್ತಲು ಒದ್ದಾಡುವ ಮಗುವಿನ ಮಣಿಕಟ್ಟಿಗೂ ಮೊಣಕೈಗೂ ಆಗುವ ಹಿಂಸೆ ನನ್ನಿಂದ ನೋಡಲಾಗುವುದಿಲ್ಲ.

"ಸ್ಪರ್ಧೆಗೆ ಯಾವಾಗ ಇಳಿಸುತ್ತೀರಿ?" ಎಂದು ಅಕಾಡೆಮಿಯನ್ನು ಕೇಳಿ, ಉತ್ತರವನ್ನು ಗಮನವಿಟ್ಟು ಆಲಿಸಿ. ಅಖಿಲ ಭಾರತ ಟೆನಿಸ್ ಸಂಸ್ಥೆಯ ಜೂನಿಯರ್ ಶ್ರೇಯಾಂಕ ಪಟ್ಟಿಗಳು 12 ವರ್ಷದೊಳಗಿನವರಿಂದ ಆರಂಭವಾಗಿ 14, 16, 18ರವರೆಗೆ ಹೋಗುತ್ತವೆ. ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿಗಳಿಗೆ 13 ತುಂಬಿರಬೇಕು. ಎಂಟು ವರ್ಷದ ಮಗುವಿಗೆ "ಈಗಲೇ ಸೇರಿಸದಿದ್ದರೆ ತಡವಾಗುತ್ತದೆ" ಎಂದು ಯಾರಾದರೂ ಅವಸರಪಡಿಸಿದರೆ ಆ ಅವಸರ ಶುಲ್ಕದ್ದು, ಆಟದ್ದಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಟೆನಿಸ್ ಆರಂಭಿಸಿದ್ದು 11ನೇ ವಯಸ್ಸಿನಲ್ಲಿ. 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರ ಶ್ರೇಯಾಂಕಕ್ಕೆ ಏರಿದರು. ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಆಟಗಾರರು ಅದಕ್ಕಿಂತ ಬೇಗ ಆರಂಭಿಸುತ್ತಾರೆ. ಆದರೆ ಎಂಟಕ್ಕೆ ಬಾಗಿಲು ಮುಚ್ಚುವ ಆಟವಂತೂ ಇದಲ್ಲ.

ಹಾಗೆಂದು ಪಂದ್ಯವೇ ಬೇಡ ಎಂದಲ್ಲ. ವಾರಕ್ಕೊಂದು ದಿನ ಒಳಗೊಳಗೇ ಪಂದ್ಯ ಆಡಿಸುತ್ತಾರೆಯೇ, ಮಕ್ಕಳು ತಾವೇ ಅಂಕ ಎಣಿಸುತ್ತಾರೆಯೇ ಎಂದು ನೋಡಿ. ಜೂನಿಯರ್ ಟೂರ್ನಿಗಳ ಹೆಚ್ಚಿನ ಪಂದ್ಯಗಳಲ್ಲಿ ಕುರ್ಚಿಯ ಮೇಲೆ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ ಎಂದು ಮಗುವೇ ಕೂಗಿ ಹೇಳಬೇಕು. ನಮ್ಮೂರಿನ ಹುಡುಗಿಯೊಬ್ಬಳು ಬೆಂಗಳೂರಿನ ಟೂರ್ನಿಯೊಂದರಲ್ಲಿ ಎದುರಾಳಿಯ ತಪ್ಪು ಕರೆಗಳಿಗೆಲ್ಲ ತಲೆಯಾಡಿಸಿ ಸೆಟ್ ಕಳೆದುಕೊಂಡಳು. ಅವಳ ಫೋರ್‌ಹ್ಯಾಂಡ್ ಎದುರಾಳಿಗಿಂತ ಚೆನ್ನಾಗಿತ್ತು. ಅಂದಿನಿಂದ ನನ್ನ ತರಗತಿಯಲ್ಲಿ ಅಂಕವನ್ನು ಗಟ್ಟಿಯಾಗಿ ಹೇಳದೆ ಯಾರೂ ಸರ್ವ್ ಮಾಡುವಂತಿಲ್ಲ. ಎದುರಾಳಿಯ ಕರೆಯ ಬಗ್ಗೆ ಅನುಮಾನವಿದ್ದರೆ ರೆಫರಿಯನ್ನು ಕರೆಯಬಹುದು ಎಂಬುದನ್ನೂ, ತನ್ನ ಕಡೆ ಬಿದ್ದ ಚೆಂಡಿನ ಬಗ್ಗೆ ಅನುಮಾನವಿದ್ದಾಗ ಅದು ಒಳಗೆ ಬಿದ್ದಂತೆಯೇ ಎಂಬುದನ್ನೂ ಒಟ್ಟಿಗೇ ಕಲಿಸುತ್ತೇನೆ.

ಪ್ರಯಾಣದ ಮಾತಿಗೆ ಬಂದರೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಸಂಜೆಯ ಹೊತ್ತು ನೆಲಮಂಗಲ ದಾಟಿ ಪೀಣ್ಯ, ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆಯ ಅಭ್ಯಾಸಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಕಳೆಯುತ್ತದೆ. ಮಗು ಕಾರಿನಲ್ಲೇ ತಿಂದು, ಕಾರಿನಲ್ಲೇ ನಿದ್ದೆ ಮಾಡಿ, ಮರುದಿನ ಶಾಲೆಯಲ್ಲಿ ತೂಕಡಿಸುತ್ತದೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಹೇಳುವ ಲೆಕ್ಕ. ಎಂಟು ವರ್ಷಕ್ಕೆ ಎಂಟು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ವಾರಕ್ಕೆ ಒಂದೆರಡು ದಿನ ಪೂರ್ತಿ ವಿರಾಮ ಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2016ರಲ್ಲಿಯೇ ಹೇಳಿದೆ. ಹತ್ತು ವರ್ಷದವರೆಗೆ ವಾರಕ್ಕೆ ಮೂರು ದಿನ ಇಲ್ಲಿಯೇ ಆಡಲಿ. ತಿಂಗಳಿಗೊಂದು ಭಾನುವಾರ ಬೆಂಗಳೂರಿಗೆ ಹೋಗಿ ಹೊಸ ಮಕ್ಕಳ ಜೊತೆ ಪಂದ್ಯ ಆಡಿ ಬರಲಿ.

ಉಳಿದ ದಿನಗಳಲ್ಲಿ ಬೀದಿಯಲ್ಲಿ ಲಗೋರಿ ಆಡಲು ಬಿಡಿ. ಇದು ಕಾಲಹರಣವಲ್ಲ. ಸರ್ವ್ ಎಂಬುದು ಮೂಲತಃ ಎಸೆತ: ಸೊಂಟ ತಿರುಗಿ, ಭುಜ ಹಿಂಬಾಲಿಸಿ, ಮೊಣಕೈ ಮೇಲೆದ್ದು, ಕೊನೆಗೆ ಮಣಿಕಟ್ಟು ಚಿಮ್ಮುತ್ತದೆ. ಓಡುತ್ತಿರುವ ಗೆಳೆಯನ ಬೆನ್ನಿಗೆ ಗುರಿಯಿಟ್ಟು ಚೆಂಡು ಎಸೆದ ಮಗುವಿಗೆ ನಾನು ಸರ್ವ್ ಹೇಳಿಕೊಡುವುದು ಎಷ್ಟು ಸುಲಭವೋ, ಎಂದೂ ಏನನ್ನೂ ಎಸೆಯದ ಮಗುವಿಗೆ ಅಷ್ಟೇ ಕಷ್ಟ. ಕೊಕ್ಕೊ ಆಡಿದ ಮಕ್ಕಳು ದಿಕ್ಕು ಬದಲಿಸುವ ರೀತಿಯೇ ಬೇರೆ. ಕಂಬದ ಬಳಿ ಕುಗ್ಗಿ ತಿರುಗುವ ಆ ಕಾಲುಗಳನ್ನು ಯಾವ ಟೆನಿಸ್ ವ್ಯಾಯಾಮವೂ ಅಷ್ಟು ಬೇಗ ಕೊಡಲಾರದು. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಒಂದು ದಿನ ಓಡಲಿ, ಒಂದು ದಿನ ಈಜಲಿ. "ಇಲ್ಲಿಗೆ ಸೇರಿದ ಮೇಲೆ ಬೇರೆ ಆಟ ಬಿಡಬೇಕು" ಎಂದು ಎಂಟು ವರ್ಷದವರಿಗೆ ಷರತ್ತು ಹಾಕುವ ಜಾಗವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಕೋಚ್ ಬಗ್ಗೆ ಕೇಳುವಾಗ ಫಲಕದ ಮೇಲಿನ ಹೆಸರನ್ನು ಬಿಟ್ಟು, ಕೊನೆಯ ಅಂಕಣದಲ್ಲಿ ನಿಂತವರ ಬಗ್ಗೆ ಕೇಳಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದೆಯೇ, ಅಂತರರಾಷ್ಟ್ರೀಯ ಫೆಡರೇಷನ್ ತರಬೇತುದಾರರಿಗೆ ನಡೆಸುವ ಲೆವೆಲ್ ಕೋರ್ಸ್ ಮಾಡಿದ್ದಾರೆಯೇ, ಇಲ್ಲಿ ಎಷ್ಟು ಕಾಲದಿಂದ ಇದ್ದಾರೆ. ಕೊನೆಯ ಪ್ರಶ್ನೆಯೇ ಮುಖ್ಯ. ಸಹಾಯಕರಿಗೆ ಸಂಬಳ ಕಡಿಮೆ, ಹಾಗಾಗಿ ಅವರು ಬದಲಾಗುತ್ತಲೇ ಇರುತ್ತಾರೆ. ಪ್ರತಿ ಬದಲಾವಣೆಗೂ ಮಗು ಹೊಸ ಹಿಡಿತ, ಹೊಸ ಮಾತು ಕಲಿಯಬೇಕಾಗುತ್ತದೆ. ಮಗು ಸತತ ನಾಲ್ಕು ಚೆಂಡುಗಳನ್ನು ನೆಟ್‌ಗೆ ಹೊಡೆದಾಗ ಆ ಕೋಚ್ ಹತ್ತಿರ ಬಂದು ಮಾತನಾಡುತ್ತಾರೆಯೇ, ದೂರದಿಂದಲೇ ಗದರುತ್ತಾರೆಯೇ, ಅಥವಾ ಗಮನಿಸುವುದೇ ಇಲ್ಲವೇ ಎಂಬುದು ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಶೌಚಾಲಯಕ್ಕೆ ಒಮ್ಮೆ ಹೋಗಿ ನೋಡಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬೇರೆ ಜಾಗ ಇದೆಯೇ, ಹೊರ ಊರಿನ ಟೂರ್ನಿಗೆ ಕರೆದೊಯ್ದಾಗ ಜೊತೆಗೆ ಮಹಿಳೆಯರು ಯಾರು ಇರುತ್ತಾರೆ, ಕೋಣೆಯಲ್ಲಿ ಯಾರ ಜೊತೆ ಮಲಗಿಸುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರ ಬಳಿ ಮಗುವನ್ನು ಬಿಡಬೇಡಿ.

ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯೇ ಕಟ್ಟಿ. ಶುಲ್ಕದ ಹೊರಗೆ ಶೂ, ಚೆಂಡು, ರಾಕೆಟ್ ತಂತಿ, ಮುಂದೆ ಟೂರ್ನಿಯ ಪ್ರವೇಶ ಶುಲ್ಕ, ಊಟ, ವಸತಿ ಎಲ್ಲ ಸೇರುತ್ತವೆ ಎಂಬುದನ್ನು ಮೊದಲೇ ಮನೆಯಲ್ಲಿ ಕುಳಿತು ಲೆಕ್ಕ ಹಾಕಿಕೊಳ್ಳಿ. ಅಕಾಡೆಮಿ ನಿರ್ಧಾರವಾಗುವವರೆಗೆ ಮಗುವಿನ ಕೈ ನಿಲ್ಲಬೇಕಿಲ್ಲ. ಮನೆ ಮುಂದೆ ಅಥವಾ ಅಪಾರ್ಟ್‌ಮೆಂಟಿನ ಅಂಗಳದಲ್ಲಿ 11 ಮೀಟರ್ ಉದ್ದ, ಐದೂವರೆ ಮೀಟರ್ ಅಗಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ನಡುವೆ 80 ಸೆಂಟಿಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿದರೆ ಕೆಂಪು ಚೆಂಡಿನ ಅಂಕಣ ಸಿದ್ಧ. ಪಕ್ಕದ ಮನೆಯ ಇನ್ನೊಂದು ಮಗುವನ್ನೂ ಕರೆಯಿರಿ.